ಕತ್ತಿ ಕೆಳಗಿಟ್ಟ ಹೌದಪ್ಪ

ಆ ಕ್ಷೌರಿಕನಿಗೆ ಊರವರು ಇಟ್ಟ ಹೆಸರು ಹೌದಪ್ಪ. ಕುರ್ಚಿಯಲ್ಲಿ ಕೂತವರು ಏನೇ ಹೇಳಲಿ, ಅವನದು ಒಂದೇ ಉತ್ತರ: ‘ಹೌದು ಬಿಡಿ.’ ಒಬ್ಬ ಸರ್ಕಾರವನ್ನು ಹೊಗಳಿ ಎದ್ದುಹೋದರೂ ಹೌದು, ಮುಂದಿನವನು ಅದೇ ಸರ್ಕಾರವನ್ನು ಬಾಯಿಗೆ ಬಂದ ಹಾಗೆ ಬೈದರೂ ಹೌದು. ಬೆನ್ನೆಲುಬಿಲ್ಲದ ಪ್ರಾಣಿ ಎಂದು ಜನ ನಗುತ್ತಿದ್ದರು. ನಗಲಿ ಪಾಪ, ಅವರ ಕುತ್ತಿಗೆ ನೆಟ್ಟಗೆ ಉಳಿದದ್ದೇ ಆ ಹೌದಿನಿಂದ. ಕೆಲಸ ಕಲಿಸುವಾಗ ಅವನ ಅಪ್ಪ ಹೇಳಿದ್ದ: ‘ಕೈಯಲ್ಲಿ ಕತ್ತಿ ಇರೋವಷ್ಟು ಹೊತ್ತು ವಾದ ಮಾಡಬೇಡ ಮಗನೇ. ಮಾತು ಬಿಸಿಯಾದ್ರೆ ಕೈ ನಡುಗುತ್ತೆ. ಇಲ್ಲ ಅನ್ನಲೇಬೇಕು ಅನ್ನಿಸಿದ್ರೆ ಕತ್ತಿ ಕೆಳಗಿಟ್ಟು ಅನ್ನು.’ ಅಪ್ಪ ಹೋಗಿ ಎಷ್ಟೋ ಕಾಲವಾಗಿತ್ತು. ಮಗ ಒಂದು ಸಲವೂ ಕತ್ತಿ ಕೆಳಗಿಟ್ಟಿರಲಿಲ್ಲ.

ಆ ವಾರ ಅಂಗಡಿಯ ತುಂಬ ಒಂದೇ ಸುದ್ದಿ. ಸೇತುವೆ ಹತ್ತಿರ ಪೊಲೀಸರು ಗಾಡಿ ತಪಾಸಣೆ ಮಾಡುತ್ತಿದ್ದಾಗ ಡ್ರೈವರ್ ಒಬ್ಬ ವ್ಯಾನ್ ನಿಲ್ಲಿಸದೆ ಓಡಿಸಿದ್ದ. ಪೇದೆಯೊಬ್ಬ ಗುಂಡು ಹಾರಿಸಿದ್ದ. ಡ್ರೈವರ್ ಸತ್ತಿದ್ದ. ವ್ಯಾನ್ ನನ್ನ ಮೇಲೇ ಬಂತು, ಬೇರೆ ದಾರಿ ಇರಲಿಲ್ಲ ಎಂದು ಪೇದೆ ಮೇಲಧಿಕಾರಿಗಳಿಗೆ ಹೇಳಿದ್ದ.

‘ನಿಲ್ಲು ಅಂದ್ರೆ ನಿಲ್ಲಬೇಕಪ್ಪ,’ ಎಂದರು ಬೆಂಚಿನ ಮೇಲೆ ಕೂತ ನಿವೃತ್ತ ಮೇಷ್ಟ್ರು. ‘ತಪ್ಪು ಮಾಡದೋನು ಯಾಕೆ ಓಡ್ತಾನೆ? ಪೇದೆ ಏನು, ವ್ಯಾನ್ ಕೆಳಗೆ ಬಿದ್ದು ಸಾಯ್ಬೇಕಿತ್ತಾ?’

‘ಓಡಿದ್ದಕ್ಕೆ ಕೊಲ್ಲೋದಾ ಮೇಷ್ಟ್ರೇ?’ ಪಕ್ಕದಲ್ಲಿ ಸರದಿ ಕಾಯುತ್ತಿದ್ದ ಟ್ಯಾಕ್ಸಿಯವನಿಗೆ ರೇಗಿತು. ‘ಗಾಡಿ ನಂಬರ್ ನೋಡ್ಕೊಂಡು ನಾಳೆ ಮನೆಗೆ ಹೋಗಿ ಹಿಡೀಬಹುದಿತ್ತು. ಟೈರಿಗಾದ್ರೂ ಹೊಡೀಬಹುದಿತ್ತು.’

‘ಓಡೋ ಗಾಡಿ ಟೈರಿಗೆ ಗುರಿ ಇಡೋದು ಅಂದ್ರೆ ಗೋಡೆಗೆ ಮೊಳೆ ಹೊಡೆದ ಹಾಗಾ?’ ಎಂದರು ಮೇಷ್ಟ್ರು.

ಹೌದಪ್ಪ ಮೇಷ್ಟ್ರ ಗಡ್ಡ ಹೆರೆಯುವಾಗ ಅವರಿಗೆ ಹೌದು ಎಂದ, ಟ್ಯಾಕ್ಸಿಯವನು ಕೂತಾಗ ಅವನಿಗೂ ಹೌದು ಎಂದ. ಅಷ್ಟರಲ್ಲಿ ಬಾಗಿಲಲ್ಲಿ ಅದೇ ಪೇದೆ ನಿಂತಿದ್ದ, ಸಮವಸ್ತ್ರವಿಲ್ಲದೆ. ಮೀಸೆ ಚಿಗುರಿದಾಗಿನಿಂದ ಇದೇ ಕುರ್ಚಿಯ ಗಿರಾಕಿ. ಮೇಷ್ಟ್ರು ಎದ್ದು ಬೆನ್ನು ತಟ್ಟಿದರು. ಟ್ಯಾಕ್ಸಿಯವನು, ಅಷ್ಟೊತ್ತು ಗಂಟಲು ಹರಿದುಕೊಂಡವನು, ಬೆಂಚಿಗೆ ಹೋಗಿ ಪೇಪರ್ ಹಿಂದೆ ಮುಖ ಮರೆಸಿಕೊಂಡ. ಅದನ್ನು ತಲೆಕೆಳಗಾಗಿ ಹಿಡಿದಿದ್ದಾನೆ ಎಂಬುದೂ ಅವನಿಗೆ ಗೊತ್ತಾಗಲಿಲ್ಲ.

ಕುರ್ಚಿಯಲ್ಲಿ ಕೂತ ಪೇದೆಯ ಅರ್ಧ ಮುಖದ ಕ್ಷೌರ ಆಗಿತ್ತು. ಅವನು ಕನ್ನಡಿ ನೋಡುತ್ತಲೇ ಹೇಳಿದ, ‘ಅಣ್ಣಾ, ನಾಳೆ ವಿಚಾರಣೆ. ಸಾಹೇಬ್ರು ಸರಿ ಅಂದ್ರು, ಮನೇಲೂ ಸರಿ ಅಂದ್ರು. ವ್ಯಾನ್ ನನ್ನ ಕಡೆ ನುಗ್ಗಿದ್ದು ನಿಜ, ಜೀವ ಬಾಯಿಗೆ ಬಂದಿತ್ತು. ಆದ್ರೆ ಹೊಡೆಯೋ ಹೊತ್ತಿಗೆ ಅದು ನನ್ನನ್ನ ದಾಟಿ ಹೋಗಿತ್ತು. ಹಿಂದಿನಿಂದ ಹೊಡೆದೆ. ಆದ್ರೂ ಸರಿ ತಾನೇ?’

ಹೌದು ಎಂಬುದು ಹೌದಪ್ಪನ ನಾಲಿಗೆ ತುದಿಗೇ ಬಂದಿತ್ತು. ಅಂದುಬಿಟ್ಟರೆ ನಾಳೆ ಇವನು ಅದೇ ಸುಳ್ಳು ಹೇಳುತ್ತಾನೆ, ಸತ್ತವನು ಪೊಲೀಸನನ್ನು ಕೊಲ್ಲಲು ಹೋದ ಪಾಪಿಯಾಗಿಯೇ ಉಳಿಯುತ್ತಾನೆ. ಇಲ್ಲ ಅಂದರೆ? ಪೊಲೀಸರ ಸಹವಾಸ, ಬೀದಿ ಬದಿಯ ಅಂಗಡಿ, ಮನೆಯಲ್ಲಿ ಹೆಂಡತಿ ಮಕ್ಕಳು. ಅವನು ಕತ್ತಿ ಒರೆಸಿ ಕೆಳಗಿಟ್ಟ.

‘ತಪ್ಪು ಕಣಪ್ಪ.’

ಟ್ಯಾಕ್ಸಿಯವನ ಪೇಪರ್ ಮೆಲ್ಲಗೆ ಕೆಳಗಿಳಿಯಿತು.

‘ಯಾರಿಗೂ ಇಲ್ಲ ಅನ್ನದ ಮನುಷ್ಯ ಅಂತ ನಿಮ್ಮ ಹತ್ರ ಬಂದೆ ಅಣ್ಣಾ,’ ಎಂದ ಪೇದೆ. ಆಮೇಲೆ ತಲೆ ಹಿಂದಕ್ಕೆ ಒರಗಿಸಿ ಕುತ್ತಿಗೆ ಒಡ್ಡಿ, ‘ಉಳಿದದ್ದು ಮುಗಿಸಿ,’ ಎಂದ.

ಮಾರನೆಯ ದಿನ ಹೌದಪ್ಪ ಅಂಗಡಿ ಮುಚ್ಚಿ ವಿಚಾರಣೆಯ ಕೋಣೆಯ ಹಿಂದಿನ ಸಾಲಿನಲ್ಲಿ ಹೋಗಿ ಕೂತ. ಸಾಹೇಬರ ಕಣ್ಣು ಕೆಂಡವಾಗುತ್ತಿದ್ದರೂ ಪೇದೆ ಒಂದನ್ನೂ ಬಿಡದೆ ಹೇಳಿದ: ದಾಟಿ ಹೋಗಿದ್ದ ಗಾಡಿ, ಹಿಂದಿನಿಂದ ಹೊಡೆದ ಗುಂಡು, ಆಮೇಲೆ ಹೇಳಿದ ಸುಳ್ಳು. ಅಬ್ಬಾ! ಕೆಲಸ ಹೋಗುತ್ತದೆ, ಜೈಲೂ ಆಗಬಹುದು ಎಂದು ಗೊತ್ತಿದ್ದೂ ಮನುಷ್ಯ ಹೀಗೆ ಬಾಯಿ ಬಿಡುತ್ತಾನಾ? ಹೌದಪ್ಪ ಎದ್ದು ನಿಂತ. ತಾನು ಅಂದದ್ದು ಒಂದು ಮಾತು. ಅದನ್ನು ಹೊತ್ತು ಇಲ್ಲಿವರೆಗೆ ನಡೆದು ಬಂದವನು ಇವನು.

ಆಗ ಮುಂದಿನ ಸಾಲಿನಿಂದ ಸತ್ತ ಡ್ರೈವರನ ತಾಯಿ ಎದ್ದಳು. ಬಟ್ಟೆ ಗಿರಣಿಯಲ್ಲಿ ದುಡಿಯುವ ಹೆಂಗಸು. ಯಾರೂ ತಡೆಯಲಿಲ್ಲ.

‘ಕೊನೇಲಿ ಏನಾದ್ರೂ ಅಂದನಾ?’

‘ಅಂದ ಅಮ್ಮ. ಲೈಸೆನ್ಸ್ ಇರ್ಲಿಲ್ಲ ಸಾರ್, ಹೆದರಿಕೊಂಡೆ, ಅಂದ.’ ಪೇದೆ ತಲೆ ಎತ್ತಿದ. ‘ನಾನೂ ಹೆದರಿಕೊಂಡೇ ಹೊಡೆದೆ.’

ತಾಯಿ ಒಂದು ಹೆಜ್ಜೆ ಅವನ ಹತ್ತಿರ ಬಂದಳು. ‘ನಿನ್ನನ್ನ ಕ್ಷಮಿಸೋದು ನನ್ನ ಕೈಲಾಗಲ್ಲ. ಆದ್ರೆ ನನ್ನ ಮಗ ಕೊಲೆಗಾರ ಅಲ್ಲ ಅಂತ ನೀನೇ ಬಾಯಿಬಿಟ್ಟು ಹೇಳಿದೆ. ಅಷ್ಟು ಸಾಕಪ್ಪ.’

ಅವಳು ಬಾಗಿಲು ದಾಟುವವರೆಗೂ ಪೇದೆ ಕೂರಲಿಲ್ಲ. ಹಿಂದಿನ ಸಾಲಿನಲ್ಲಿ ಎದ್ದು ನಿಂತಿದ್ದ ಹೌದಪ್ಪನೂ ಕೂರಲಿಲ್ಲ.