ಬಸ್ಸಿನ ಹೊತ್ತಿನ ಕಾಫಿ ಘಮ

ಇವತ್ತು ಬೆಳಿಗ್ಗೆ ಶಿಕಾರಿಪುರದ ನಮ್ಮ ಅಡುಗೆಮನೆಯಲ್ಲಿ ಕಾಫಿ ಸ್ಯಾಶೆಯ ಮೂತಿ ಕತ್ತರಿಸಿದೆ. ಒಂದು ಗಳಿಗೆ ಘಮ್ಮೆಂದಿತು, ಆಮೇಲೆ ಏನೂ ಇಲ್ಲ. ಆ ಒಂದು ಗಳಿಗೆಯಲ್ಲೇ ಸೊರಬದ ಕಾಫಿಪುಡಿ ಮಿಲ್ಲಿನ ಯಜಮಾನರು ನೆನಪಾದರು… ಅವರ ಮಿಲ್ಲಿಗೂ ಈ ಸ್ಯಾಶೆಗೂ ಜಗಳವಿತ್ತೋ ಸಂಬಂಧವಿತ್ತೋ, ನನಗಿನ್ನೂ ಬಗೆಹರಿದಿಲ್ಲ.

ಆಗ ನಾನು ಜಡೆ ಎಂಬ ಊರಿನ ಶಾಲೆಯಲ್ಲಿ ಟೀಚರು. ದಿನಾ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕಾಯುವುದೇ ಇನ್ನೊಂದು ಉದ್ಯೋಗ. ಎದುರಿಗೇ ಅವರ ಮಿಲ್ಲು. ಬಸ್ಸು ಬರುವ ಹೊತ್ತು ನೋಡಿಕೊಂಡೇ, ಬಾಗಿಲು ಹಾರುಹೊಡೆದು ಬೀಜ ಹುರಿಯುತ್ತಿದ್ದರು. "ಸ್ಯಾಶೆ ಕಂಪನಿಯವ್ರಿಗೆ ಜಾಹೀರಾತಿಗೆ ಟೀವಿ ಇದೆ. ನಮಗೆ ಗಾಳಿ ಇದ್ಯಲ್ರೀ" ಎನ್ನುತ್ತಿದ್ದರು.

ಗಾಳಿಯೇನೋ ಅವರ ಮಾತು ಕೇಳಿತು, ಜನ ಕೇಳಲಿಲ್ಲ. ಬಸ್ಸಿಳಿದವರು ಮೂಗರಳಿಸಿ, ನೇರ ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ಮಾಲೆಯಾಗಿ ನೇತಾಡುತ್ತಿದ್ದ ವಿದೇಶಿ ಕಂಪನಿಯ ಸ್ಯಾಶೆ ಕೊಳ್ಳುತ್ತಿದ್ದರು. ಫಿಲ್ಟರು, ಡಿಕಾಕ್ಷನ್ನಿನ ಉಸಾಬರಿ ಯಾರಿಗೆ ಬೇಕು? ಹುರಿಯುವವರು ಒಬ್ಬರು, ಮಾರುವವರು ಇನ್ನೊಬ್ಬರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬಾಗಿಲು ಹಾಕ್ಕೊಂಡು ಹುರೀರಿ ಮಾರಾಯ್ರೆ. ಅವ್ರಿಗೆ ಎಂತಕ್ಕೆ ಬಿಟ್ಟಿ ಪ್ರಚಾರ?" ಎಂದೆ.

ಹಾಕಿಕೊಂಡೂ ನೋಡಿದರು. ಮಿಲ್ಲಿಗೆ ಬರುತ್ತಿದ್ದ ನಾಲ್ಕು ಜನವೂ ಬರುವುದು ಬಿಟ್ಟರು. ವಾರ ಕಳೆಯುವುದರೊಳಗೆ ಪಕ್ಕದ ಅಂಗಡಿಯವರೇ ಬಂದು ನಿಂತರು.

"ಬಾಗಿಲು ತೆಗೀರಿ ಮಾರಾಯ್ರೆ. ನಿಮ್ಮ ವಾಸ್ನೆ ಇಲ್ದೆ ನನ್ ಸ್ಯಾಶೇನೂ ಹೋಗ್ತಾ ಇಲ್ಲ."

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು, ಬಾಗಿಲು ತೆಗೆದರು. ಸಿಟ್ಟು ಬರಲಿಲ್ವಾ ಎಂದು ಆಮೇಲೆ ಕೇಳಿದ್ದಕ್ಕೆ, "ಯಾರ್ ಮೇಲೆ ಮಾಡ್ಕಳೂದು ಅಂತಾನೇ ಗೊತ್ತಾಗಲ್ರೀ" ಎಂದರು. ನನಗೂ ಗೊತ್ತಾಗಲಿಲ್ಲ.

ನಗುವಿನಿಂದ ಮಿಲ್ಲು ನಡೆಯುತ್ತದೆಯೇ? ನಾನು ವರ್ಗವಾಗಿ ಇಲ್ಲಿಗೆ ಬಂದ ಮೇಲೆ ಮುಚ್ಚಿತಂತೆ. ಯಜಮಾನರೂ ತೀರಿಕೊಂಡರು. ಸುದ್ದಿ ಕೇಳಿದ ದಿನ ಅತ್ತುಬಿಟ್ಟೆ, ನಮ್ಮ ನೆಂಟರೇನೂ ಅಲ್ಲ ಅವರು… ಹೋದ ವಾರ ಸೊರಬದಲ್ಲಿ ಇಳಿದರೆ ಬರೀ ಡೀಸೆಲ್ ವಾಸನೆ. ಪಕ್ಕದ ಅಂಗಡಿಯವರು ಗುರುತು ಹಿಡಿದು, ಬೀಗ ಬಿದ್ದ ಮಿಲ್ಲಿನ ಕಡೆ ನೋಡಿದರು. "ಈಗ ನಮ್ದೂ ಅಷ್ಟಕ್ಕಷ್ಟೇ ಮೇಡಮ್ಮೋರೆ" ಎಂದರು. ಪಾಪ ಎನ್ನಲೋ, ಹಾಗೇ ಆಗಬೇಕು ಎನ್ನಲೋ… ತೋಚದೆ ಎರಡು ಸ್ಯಾಶೆ ಕೊಂಡುಕೊಂಡು ಬಂದೆ.

ಅದರಲ್ಲೊಂದನ್ನೇ ಈಗ ಕತ್ತರಿಸಿದ್ದು. ಹಾಲು ಉಕ್ಕಿ ಒಲೆಯೆಲ್ಲ ಆಯಿತು. ಇನ್ನೊಂದು ಸ್ಯಾಶೆ ಡಬ್ಬಿಯಲ್ಲಿದೆ, ಮುಟ್ಟಲು ಮನಸ್ಸಿಲ್ಲ. ಅವರನ್ನು ಸೋಲಿಸಿದವರ ಪೊಟ್ಟಣವೇ ಹೌದು. ಆದರೂ ಒಂದು ಗಳಿಗೆಯಷ್ಟು ಯಜಮಾನರು ಅದರಲ್ಲಿ ಉಳಿದಿದ್ದಾರೆ…