ಹಲ್ಲಿನ ಸಂದಿಯ ಸಂಗೀತ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟವಿದೆ, ಗೆಳೆಯರೇ. ಅದರಲ್ಲಿ ಕಾಫಿ ಕೊಡಿ ಎಂದು ಮಾತ್ರ ಕೇಳಬೇಡಿ. ಮಲಗುವ ಹೊತ್ತಿಗೆ ನಮ್ಮ ಯಜಮಾನರ ಮೇಲ್ಸಾಲಿನ ಹಲ್ಲುಗಳು ಅದರ ನೀರಿಗಿಳಿದು ವಿಶ್ರಮಿಸುತ್ತವೆ. ಹಗಲೆಲ್ಲ ಮುಖ ಗಂಟು ಹಾಕಿಕೊಂಡಿರುವ ಮನುಷ್ಯನ ನಗು ಹೀಗೆ ಪ್ರತ್ಯೇಕವಾಗಿ, ನಿಶ್ಚಿಂತೆಯಿಂದ ಲೋಟದಲ್ಲಿ ಕುಳಿತಿರುವುದನ್ನು ಕಂಡಾಗ, ಮನುಷ್ಯನ ವಿದ್ಯೆ ಎಲ್ಲಿ ವಾಸಿಸುತ್ತದೆ ಎಂಬ ದೊಡ್ಡ ಪ್ರಶ್ನೆ ನನ್ನನ್ನು ಕಾಡುತ್ತದೆ. ತಲೆಯಲ್ಲೋ ಎದೆಯಲ್ಲೋ ಎಂದು ಬಲ್ಲವರು ವಾದಿಸಿಕೊಳ್ಳಲಿ. ನಮ್ಮವರದು ಮುಂದಿನ ಎರಡು ಹಲ್ಲುಗಳ ನಡುವಿನ ಸಂದಿಯಲ್ಲಿತ್ತು.

ಅವರು ಟ್ರಂಪೆಟ್ ಊದುವವರು, ಅದೂ ಜಾಝ್. ಕಲಿತದ್ದು ಮಾತ್ರ ಚಿಕ್ಕಜಾಜೂರಿನ ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ. ಹೇಳಿಕೊಟ್ಟ ಹಾಡು ಇವರ ಬಾಯಿಗೆ ಬಂದರೆ ಬಿಚ್ಚಿಬಿಟ್ಟ ಮೇಕೆಯಂತೆ ಬೇಲಿ ಹಾರುತ್ತಿತ್ತಂತೆ. ಭರಮಸಾಗರದ ಒಂದು ಮದುವೆ ಮೆರವಣಿಗೆಯಲ್ಲಿ ಇವರು ರಾಗವನ್ನು ತಮಗೆ ತೋಚಿದ ಕಡೆಗೆ ಎಳೆದುಕೊಂಡು ಹೋದಾಗ, ಕುಣಿಯುತ್ತಿದ್ದ ಬೀಗರು ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತುಬಿಟ್ಟರು. "ಹಾಡಿಗೆ ಮೂಗುದಾರ ಬ್ಯಾಡ್ವೇನಲೇ? ನಾಳೆಯಿಂದ ಬರಬ್ಯಾಡ" ಎಂದು ಬ್ಯಾಂಡಿನ ಮೇಸ್ತ್ರಿ ಅಲ್ಲಿಯೇ ಓಡಿಸಿದ. ಅದೇ ತಪ್ಪಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ಚಪ್ಪಾಳೆ ಬೀಳುತ್ತದೆಂದು ಇವರಿಗೆ ಆಮೇಲೆ ತಿಳಿಯಿತು; ಆ ಗಳಿಗೆಗೆ ಹುಟ್ಟಿದ್ದನ್ನು ಊದುವುದೇ ಜಾಝಿನಲ್ಲಿ ವಿದ್ಯೆಯಂತೆ. ಅಲ್ಲಿ ಬಹುಕಾಲ ಊದಿ, ಕೊನೆಗೆ ಹಿರಿಯೂರಿನಲ್ಲಿ ನೆಲೆಸಿ, ಸಂಜೆ ಮಾರಿಕಣಿವೆ ಜಲಾಶಯದ ದಂಡೆಯಲ್ಲಿ ಕುರಿ ಕಾಯುವವರಿಗೆ ಪುಕ್ಕಟೆ ಕಛೇರಿ ಕೊಡುತ್ತಿದ್ದರು.

ಅಷ್ಟರಲ್ಲಿ ಹಲ್ಲುಗಳು ಅಲುಗಾಡಿ, ಮೇಲ್ಸಾಲನ್ನೆಲ್ಲ ಕೀಳಿಸಬೇಕಾಯಿತು. ಚಿತ್ರದುರ್ಗದ ಡಾಕ್ಟರು ಅಕ್ಕರೆಯಿಂದ ಸಂದಿಯನ್ನೂ ಮುಚ್ಚಿ, ಮುತ್ತು ಪೋಣಿಸಿದಂಥ ಹೊಸ ಸೆಟ್ಟು ಕೊಟ್ಟರು. ಕಂಡವರೆಲ್ಲ "ಮದುಮಗ ಆಗ್ಬಿಟ್ರಲ್ರೀ!" ಎಂದರು. ಮದುಮಗ ಟ್ರಂಪೆಟ್ಟನ್ನು ತುಟಿಗಿಟ್ಟರೆ ಪಂಕ್ಚರಾದ ಸೈಕಲ್ಲಿನ ಸದ್ದು. ಕೆಲವು ದಿನ ಒದ್ದಾಡಿ, ವಾದ್ಯವನ್ನು ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. "ಗಾಳಿ ಹೊರಡ್ತಿದ್ದ ಸಂದೇ ಮುಚ್ಚಿಹೋತು, ಮುಗೀತು ಕಣೇ" ಎಂದರು. ಉಪ್ಪು ಹೆಚ್ಚಾದರೂ ಜಗಳವಾಡದೆ ಉಣ್ಣತೊಡಗಿದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಅಟ್ಟದಿಂದ ವಾದ್ಯವನ್ನಿಳಿಸಿ, ಅದರ ಜೊತೆಗೆ ಅವರನ್ನೂ ಚಿತ್ರದುರ್ಗದ ಬಸ್ಸು ಹತ್ತಿಸಿದೆ.

"ಇವರ ಹಲ್ಲಿನ ಸಂದು ವಾಪಸ್ ಕೊಡ್ರಿ" ಎಂದೆ.

ಡಾಕ್ಟರು ಕಕ್ಕಾಬಿಕ್ಕಿಯಾದರು. "ಎಲ್ರೂ ಸಂದು ಮುಚ್ರಿ ಅಂತ ಬರ್ತಾರೆ, ನೀವೇನ್ರಮ್ಮ! ಎಷ್ಟಿತ್ತು ಅದು? ಫೋಟೋ ಐತೇನು?"

ಫೋಟೋದಲ್ಲಿ ಹಲ್ಲು ಬಿಡುವುದು ಮರ್ಯಾದೆಯಲ್ಲವೆಂದು ನಂಬಿದ ಕಾಲದವರು ನಾವು. ಮದುವೆಯ ಪಟದಲ್ಲಿ ಇಬ್ಬರೂ ಠಾಣೆಗೆ ಕರೆಸಿದವರಂತೆ ನಿಂತಿದ್ದೇವೆ. ಊದಿದವರಿಗೂ ಅಳತೆ ಗೊತ್ತಿಲ್ಲ. ತನ್ನ ಹಲ್ಲನ್ನು ತಾನು ಯಾರು ಅಷ್ಟು ನೋಡಿಕೊಂಡಾರು? ನೋಡಿದವಳು ನಾನು. ಹೊಸದುರ್ಗದ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನ, ಉಪ್ಪಿಟ್ಟಿನಲ್ಲಿ ಹಸಿಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡೇ ಅವರು ನಕ್ಕಾಗ ನನಗೆ ಮೊದಲು ಕಂಡದ್ದು ಆ ಸಂದಿ. ಹುಡುಗ ಆಗಬಹುದು ಎನ್ನಿಸಿದ್ದೂ ಆಗಲೇ.

ಡಾಕ್ಟರು ಮೇಣದಲ್ಲಿ ಹಲ್ಲು ಕೂರಿಸಿ ಪರೀಕ್ಷೆಗಿಳಿದರು. "ನಗ್ರಿ" ಎಂದೆ. ನಕ್ಕರು. "ಇವರಲ್ಲ. ಇನ್ನೊಂದಿಷ್ಟು ಸರಿಸ್ರಿ." ಮತ್ತೆ ನಕ್ಕರು, ಇದು ಅವರ ಅಣ್ಣನ ನಗುವಾಯಿತು. ಬಲಗಡೆಯದನ್ನು ಚೂರು ಮುಂದಕ್ಕೆ ತರಿಸಿದೆ. ಈ ಸಲ ಉಪ್ಪಿಟ್ಟು ತಿಂದ ಹುಡುಗ ನಕ್ಕ. "ಇವ್ರೇ! ಇವ್ರೇ ಡಾಕ್ಟ್ರೇ!" ಎಂದು, ಜಾತ್ರೆಯಲ್ಲಿ ಕಳೆದುಹೋದವರು ಸಿಕ್ಕಂತೆ ಕೂಗಿಬಿಟ್ಟೆ.

ಸೆಟ್ಟು ಸಿದ್ಧವಾದ ದಿನ ಅಲ್ಲಿಯೇ ಊದಿಸಿದೆ. ಮೊದಲು ಬರೀ ಗಾಳಿ, ಆಮೇಲೆ ಕೀರಲು. ಅವರು ಕಣ್ಣು ಮುಚ್ಚಿ ತುಟಿ ಸರಿಪಡಿಸಿಕೊಂಡರು. ಒಂದು ಸ್ವರ ನಿಂತಿತು, ನಿಂತದ್ದು ನಡೆಯಿತು, ಕೆನ್ನೆ ಹಿಡಿದು ಹೊರಗೆ ಕುಳಿತಿದ್ದ ರೋಗಿಗಳೆಲ್ಲ ಬಾಗಿಲಿಗೆ ಬಂದರು.

"ಯಾವ ಹಾಡ್ರೀ ಇದು?" ಎಂದರು ಡಾಕ್ಟರು.

"ಗೊತ್ತಿಲ್ರೀ, ಇನ್ನೂ ಬರ್ತಾ ಐತೆ" ಎಂದು ಅವರು ಮತ್ತೆ ಊದತೊಡಗಿದರು.

ನನಗೆ ಅಳು ಬಂತು. ಅವರ ಸಂಗೀತ ನನಗೆ ಬಿಡಿಕಾಸಿನಷ್ಟೂ ಅರ್ಥವಾಗುವುದಿಲ್ಲವೆಂದು ಇಷ್ಟು ಕಾಲ ತಿಳಿದಿದ್ದೆ; ಆದರೆ ಅದು ಹೊರಡುವ ಬಾಗಿಲಿನ ಅಳತೆ ನನ್ನ ಕಣ್ಣಿನಲ್ಲೇ ಇತ್ತು.