ನೀಲಿ ಶಾಲಿನ ನಾಲ್ಕು ಸೆಕೆಂಡು

ಕತ್ತರಿಯಣ್ಣ ಐದು ನಿಮಿಷ ನೆಟ್ಟಗೆ ಕೂತದ್ದನ್ನು ಹದಿನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಟಿವಿ ಚಾನೆಲ್ಲಿನ ಎಡಿಟಿಂಗ್ ಕೋಣೆಯಲ್ಲಿ ಅವನ ಪಕ್ಕದ ಕುರ್ಚಿ ನನ್ನದು. ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದು ಅವನ ಕೆಲಸ, ಪರದೆಯ ಕೆಳಗೆ ಹೆಸರು ಕೂರಿಸುವುದು ನನ್ನದು. ಕಾಲು ಕುಣಿಸುತ್ತಾನೆ, ಪೆನ್ಸಿಲ್ ಕಚ್ಚುತ್ತಾನೆ, ಎದ್ದು ಬಾಗಿಲವರೆಗೆ ಹೋಗಿ, ಯಾಕೆ ಹೋದೆನೆಂದು ಮರೆತು ವಾಪಸ್ ಬರುತ್ತಾನೆ.

"ಅಣ್ಣಾ, ನಿನ್ನ ಕಾಲಿಗೊಂದು ಹಗ್ಗ ಕಟ್ಲಾ?"

"ಕಟ್ಟು, ಆಗ ಕೈ ಕುಣಿಯುತ್ತೆ."

ಸಿನಿಮಾ ಪ್ರಶಸ್ತಿ ಸಮಾರಂಭವನ್ನು ಪ್ರತಿವರ್ಷ ತೋರಿಸುವುದು ನಮ್ಮ ಚಾನೆಲ್ಲೇ. ಅದರ ಬಂಡವಾಳ ನಮ್ಮಿಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಸಮಾರಂಭ ಮುಗಿದು ಹದಿನೈದು ದಿನದ ಮೇಲೆ ಪ್ರಸಾರ, ಅಷ್ಟರಲ್ಲಿ ಗೆದ್ದವರು ಯಾರೆಂದು ಊರಿಗೆಲ್ಲ ತಿಳಿದಿರುತ್ತಿತ್ತು. ನಾಯಕನ ಭಾಷಣಕ್ಕೆ ಹತ್ತು ನಿಮಿಷ. ಮೇಕಪ್, ಬೆಳಕು, ಧ್ವನಿ, ಉಡುಪು ಎಲ್ಲಕ್ಕೂ ಸೇರಿ ಒಂದೂವರೆ. ನಾನು ಕಣ್ಣಲ್ಲಿ ಕಣ್ಣಿಟ್ಟು ಕೂರಿಸಿದ ಅವರ ಹೆಸರುಗಳು ಓಡುವ ರೈಲಿನ ಕಿಟಕಿಗಳ ಹಾಗೆ ದಾಟಿ ಹೋಗುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾಯಕ ಕೊರೆಯುವಾಗ ಸಭಿಕರು ಆಕಳಿಸಿದರೆ, ಕತ್ತರಿಯಣ್ಣ ಕಂಪ್ಯೂಟರಿನ 'ಚಪ್ಪಾಳೆ ಡಬ್ಬಿ'ಯಿಂದ ಹಳೆಯ ವರ್ಷದ ಚಪ್ಪಾಳೆ ತೆಗೆದು ಅಲ್ಲಿ ಅಂಟಿಸುತ್ತಿದ್ದ. ಅದರಲ್ಲಿ ಅವನಿಗೆ ಅಚ್ಚುಮೆಚ್ಚಿನವಳು ನೀಲಿ ಶಾಲಿನ ಒಬ್ಬ ಹೆಂಗಸು. ನಾಲ್ಕೇ ಸೆಕೆಂಡು. ಕಣ್ಣು ತುಂಬಿಕೊಂಡು, ಕೈ ಮೇಲೆತ್ತಿ, ಅಂಗೈ ಕೆಂಪಾಗುವ ಹಾಗೆ ತಟ್ಟುತ್ತಾಳೆ. ಎಂಥ ಸಪ್ಪೆ ಭಾಷಣವನ್ನೂ ಆಕೆ ದಡ ಸೇರಿಸುತ್ತಿದ್ದಳು. ಆಕೆ ಯಾರೆಂದು ನಾವು ಕೇಳಿದವರಲ್ಲ.

ನೋಡುವವರು ಕಿವಿಯಲ್ಲಿ ಹೂ ಇಟ್ಟುಕೊಂಡು ಕೂತಿರುವುದಿಲ್ಲವಲ್ಲ. 'ಪ್ರತಿವರ್ಷ ಅದೇ ಹೆಂಗಸು, ಅದೇ ಶಾಲು?' ಎಂದು ಪತ್ರಗಳು ಬಂದವು. ಹೊಸದಾಗಿ ಬಂದ ಮುಖ್ಯಸ್ಥೆ ಒಂದೊಂದೇ ಸರಿಪಡಿಸಿದರು. ಮೊದಲ ವರ್ಷ ಪ್ರಸಾರ ಮರುದಿನಕ್ಕೇ ಬಂತು. ಮುಂದಿನ ವರ್ಷ ತೆರೆಯ ಹಿಂದಿನವರಿಗೂ ವೇದಿಕೆಯ ಮೇಲೆ ತಲಾ ಒಂದು ನಿಮಿಷ ಮಾತು ಸಿಕ್ಕಿತು. ಈ ವರ್ಷ ನೇರಪ್ರಸಾರ. ನನ್ನ ಹೆಸರುಗಳು ಓದುವಷ್ಟು ಹೊತ್ತು ನಿಂತವು, ನಾನು ಕುಣಿಯುವುದೊಂದು ಬಾಕಿ. ಕತ್ತರಿಯಣ್ಣ ಚಪ್ಪಾಳೆ ಡಬ್ಬಿಯನ್ನು ಪೂರ್ತಿ ಅಳಿಸಿ, "ಪೀಡೆ ತೊಲಗಿತು" ಅಂದ.

ನೇರಪ್ರಸಾರವಾದ ವಾರದ ಶುಕ್ರವಾರ ಒಬ್ಬ ಹಿರಿಯರು ಕೋಣೆಯ ಬಾಗಿಲಿಗೆ ಬಂದರು. ಮೇಕಪ್ ಕೆಲಸ ಮಾಡಿ ನಿವೃತ್ತರಾದವರು.

"ಈ ಸಲ ನಮ್ಮನೆಯವಳು ಬರ್ಲಿಲ್ವಲ್ಲಪ್ಪಾ," ಅಂದರು. "ನೀಲಿ ಶಾಲು ಹೊದ್ಕೊಂಡಿರ್ತಾಳೆ."

ನಾವು ಮುಖ ಮುಖ ನೋಡಿಕೊಂಡೆವು.

"ಅವಳು ಹೋಗಿ ಆರು ವರ್ಷ ಆಯ್ತು. ವರ್ಷಕ್ಕೊಂದ್ಸಲ ಟಿವಿಯಲ್ಲಿ ಬರ್ತಿದ್ಲು. ಮನೇಲಿ ಫೋಟೋ ಇದೆ. ಆದ್ರೆ ಫೋಟೋದಲ್ಲಿ ಕೈ ಆಡಲ್ಲ ನೋಡಿ."

"ಯಾವ ವರ್ಷ ಬಂದಿದ್ರು ಸಮಾರಂಭಕ್ಕೆ?" ನಾನು ಕೇಳಿದೆ.

"ನನಗೆ ಪ್ರಶಸ್ತಿ ಬಂದ ವರ್ಷ. ಹನ್ನೆರಡು ವರ್ಷ ಆಯ್ತು. ಟಿವಿಯಲ್ಲಿ ನಾನು ಬರ್ಲೇ ಇಲ್ಲ, ಬಿಡಿ. ಅವಳು ಬಂದ್ಲು."

ಅಂದರೆ ಆಕೆ ತಟ್ಟಿದ್ದು ಗಂಡನಿಗೆ. ನಾವು ಅದನ್ನು ಸಿನಿಮಾ ನಾಯಕರಿಗೆಲ್ಲ ಹಂಚಿದ್ದೆವು.

ಕತ್ತರಿಯಣ್ಣನ ಬಾಯಿ ಅವನ ಬುದ್ಧಿಗಿಂತ ಮುಂಚೆ ಓಡಿತು. "ಸೋಮವಾರ ಬನ್ನಿ ಯಜಮಾನ್ರೇ, ತೋರಿಸ್ತೀನಿ."

ಅವರು ಅತ್ತ ಹೋದದ್ದೇ ತಡ, ಇವನು ತಲೆಯ ಮೇಲೆ ಕೈ ಹೊತ್ತ. ಡಬ್ಬಿ ಅಳಿಸಿದವನು ಅವನೇ. ಮೂಲ ಕ್ಯಾಸೆಟ್ ಗೋದಾಮಿನಲ್ಲಿತ್ತು, ಚೀಟಿ ಉದುರಿದ ಇನ್ನೂರು ಕ್ಯಾಸೆಟ್ಟುಗಳ ರಾಶಿಯಲ್ಲಿ. ಸೋಮವಾರ ಮಧ್ಯಾಹ್ನ ಆ ರಾಶಿಯೆಲ್ಲ ಗುಜರಿಯವನ ಪಾಲು.

ಶನಿವಾರ, ಭಾನುವಾರ ಹಗಲೆಲ್ಲ ನಾವಿಬ್ಬರೂ ಒಂದೇ ಒಂದು ಹಳೇ ಯಂತ್ರದ ಮುಂದೆ. ಅದು ನಾಲ್ಕಕ್ಕೊಂದು ಕ್ಯಾಸೆಟ್ಟಿನ ಟೇಪು ನುಂಗುತ್ತಿತ್ತು. ಪ್ರತಿಸಲವೂ ಕತ್ತರಿಯಣ್ಣನ ಜೀವ ಬಾಯಿಗೆ ಬರುತ್ತಿತ್ತು. "ಬೇಗ ಹಾಕು!" "ಕಿರುಚಬೇಡ, ನಾನೇನು ನಿನ್ನ ಹೆಂಡತಿನಾ?" ಧೂಳಿಗೆ ಕೆಮ್ಮಿದೆವು, ಜಗಳವಾಡಿದೆವು. ಅವನು ನಿಂತೇ ಊಟ ಮಾಡಿದ. ಭಾನುವಾರ ಹೊತ್ತು ಇಳಿಯುವಾಗ ನೂರಾ ಎಪ್ಪತ್ತನೆಯದೋ ಏನೋ, ಪರದೆಯ ಮೇಲೆ ನೀಲಿ ಬಂತು. ಯಂತ್ರ ನುಂಗೀತೆಂಬ ಭಯಕ್ಕೆ ಅಲ್ಲೇ ನಿಲ್ಲಿಸಿದೆವು.

ಸೋಮವಾರ ಬೆಳಿಗ್ಗೆ ಯಜಮಾನರನ್ನು ಕತ್ತರಿಯಣ್ಣ ತನ್ನ ಕುರ್ಚಿಯಲ್ಲೇ ಕೂರಿಸಿದ. ಟೇಪು ಓಡಿತು, ಜೊತೆಗೇ ಕಂಪ್ಯೂಟರಿಗೂ ಇಳಿಯುತ್ತಿತ್ತು. ಆಕೆ ತಟ್ಟಿದಳು. ಒಂದು, ಎರಡು, ಮೂರು, ನಾಲ್ಕು. ಅಭ್ಯಾಸಬಲದಿಂದ ಕತ್ತರಿಯಣ್ಣನ ಬೆರಳು ಕತ್ತರಿಸುವ ಗುಂಡಿಯತ್ತ ಹೋಯಿತು. ಒತ್ತಲಿಲ್ಲ.

ಐದನೆಯ ಸೆಕೆಂಡಿಗೆ ಎಡಗಡೆಯಿಂದ ಒಬ್ಬ ತೆಳ್ಳಗಿನ ಗಂಡಸು ಬಂದು ಆಕೆಯ ಪಕ್ಕ ಕೂತ. ಕೈಯಲ್ಲಿ ಪ್ರಶಸ್ತಿ. ಆಕೆ ಅದನ್ನು ಈಸಿಕೊಂಡಳು, ನೋಡಲೂ ಇಲ್ಲ, ಮಡಿಲಲ್ಲಿಟ್ಟುಕೊಂಡು ನೀಲಿ ಶಾಲಿನ ಅಂಚಿನಿಂದ ಅವನ ಹಣೆಯ ಬೆವರು ಒರೆಸಿದಳು.

ಯಜಮಾನರ ಕೈ ತಾನಾಗಿ ಹಣೆಗೆ ಹೋಯಿತು.

"ಪ್ರತಿಸಲ ಇಲ್ಲೇ ಕತ್ತರಿಸ್ತಿದ್ದೆ," ಅಂದ ಕತ್ತರಿಯಣ್ಣ. "ಯಾರೋ ಅಡ್ಡ ಬಂದ ಅಂತ."

ಎದ್ದು ಬಾಗಿಲವರೆಗೆ ಹೋಗಿ, ನಮಗೆ ಬೆನ್ನು ಮಾಡಿ ನಿಂತ. ಯಾಕೆ ಹೋದನೆಂದು ಈ ಸಲ ನನಗೆ ಗೊತ್ತಿತ್ತು.

ನಾನು ದೃಶ್ಯವನ್ನು ಅಲ್ಲೇ ನಿಲ್ಲಿಸಿ, ಕೆಳಗೆ ಯಜಮಾನರ ಹೆಸರು ಕೂರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಅವಳದೂ ಹಾಕಬಹುದೇನಮ್ಮಾ?"

ಹೆಸರು ಕೇಳಿ ಹಾಕಿದೆ. ಅವರು ಸಾಕು ಅನ್ನುವವರೆಗೆ ತೆಗೆಯಬಾರದು ಎಂದುಕೊಂಡೆ. ಗುಜರಿಯವನು ಬಂದು ಹೋದ, ಅವರು ಸಾಕು ಅನ್ನಲಿಲ್ಲ.